ಮಸ್ಕಿಯ ಮಾಸುಂಬಿ ಎತ್ತರಿಸಿದ ಗಾಡಿ

ಆ ಗಾಡಿ ಅಂಗಡಿಯ ಮುಂದೆ ಬಂದು ನಿಲ್ಲುವವರೆಗೆ ಮಾಸುಂಬಿ ಒಂದು ದಿನವೂ ಪಾನಾ ಹಿಡಿದು ನಟ್ಟು ಬಿಗಿದವಳಲ್ಲ. ಮುಕ್ಕುಂದದಲ್ಲಿ ಹುಟ್ಟಿ, ಭತ್ತದ ನಾಟಿ ಹಚ್ಚುತ್ತ ಬೆಳೆದು, ಮಸ್ಕಿಯ ರಹಿಮಾನನನ್ನು ಮದುವೆಯಾಗಿ ಬಂದವಳು. ಹತ್ತಿ ಗಿರಣಿಯಲ್ಲಿ ಕೆಲಸವಿದ್ದಾಗ ಅಲ್ಲಿಗೆ ಹೋಗುತ್ತಿದ್ದಳು. ಇಲ್ಲದಾಗ ಗಂಡನ ಅಂಗಡಿಯ ಹಿಂದೆ ಕುಳಿತು, ಗ್ರೀಸ್ ಮೆತ್ತಿದ ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಗೋಣಿಚೀಲದ ಮೇಲೆ ಒಣಗಿಸುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಅತ್ತೆ ಸುಭಾನಬಿ, ಗಂಡ, ಅವಳು, ಮೂವರೇ.

ರಹಿಮಾನನದು ಪಾಟಾ ಅಂಗಡಿ. ಟ್ರಾಲಿ, ಜೀಪು, ಲಾರಿಗಳ ಕೆಳಗೆ ಒಂದರ ಮೇಲೊಂದು ಜೋಡಿಸಿರುವ ಬಾಗಿದ ಉಕ್ಕಿನ ಪಟ್ಟಿಗಳಿಗೆ ಆ ಕಡೆ ಪಾಟಾ ಎನ್ನುತ್ತಾರೆ. ಗಾಡಿಯ ಭಾರವನ್ನೆಲ್ಲ ಹೊರುವುದು ಅವೇ. ಮುರಿದ ಪಾಟಾ ಬದಲಿಸುವುದು, ಕುಸಿದದ್ದನ್ನು ಕೆಂಪಗೆ ಕಾಯಿಸಿ ಮತ್ತೆ ಬಾಗಿಸುವುದು, ಕಾಲುವೆ ಬದಿಯ ವಲಸೆ ರೈತರ ಕ್ಯಾಂಪುಗಳ ಜೀಪುಗಳಿಗೆ ಒಂದು ಪಟ್ಟಿ ಹೆಚ್ಚಿಗೆ ಹಾಕಿ ಎತ್ತರಿಸುವುದು, ಇವು ಅವನ ಕೆಲಸ. ತುರ್ವಿಹಾಳದಿಂದಲೂ ಟ್ರಾಲಿಗಳು ಅವನನ್ನು ಹುಡುಕಿಕೊಂಡು ಬರುತ್ತಿದ್ದವು. ಮಾತು ಕಡಿಮೆ, ಸಿಟ್ಟು ಬೇಗ, ಆದರೆ ಕೆಲಸ ಗಟ್ಟಿ ಎಂದು ಹೆಸರು.

೧೯೯೪ರ ಬೇಸಿಗೆಯಲ್ಲಿ ಗೋಪಣ್ಣ ಎಂಬ ಗುತ್ತಿಗೆದಾರ ಒಂದು ವಿಲಾಯತಿ ಗಾಡಿ ತಂದು ಅಂಗಡಿಯ ಮುಂದೆ ನಿಲ್ಲಿಸಿದ. ಲಿಂಗಸುಗೂರಿನ ಆಚೆ ಕಾಲುವೆಯ ಮಣ್ಣಿನ ಕೆಲಸ ಹಿಡಿದಿದ್ದ ಅವನು, ಯಾವುದೋ ಪರದೇಶದ ಕಂಪನಿ ಬಿಟ್ಟುಹೋದ ಗಾಡಿಯನ್ನು ಹರಾಜಿನಲ್ಲಿ ಕೊಂಡಿದ್ದ. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ ಗಾಡಿ. ಆದರೆ ಎರೆ ಮಣ್ಣಿನಲ್ಲಿ ಲಾರಿಗಳು ಕೊರೆದ ಹಾದಿಗೆ ಬಂದರೆ ನಡುವಿನ ದಿಬ್ಬಕ್ಕೆ ಹೊಟ್ಟೆ ತಾಗಿ ಕುಂತುಬಿಡುತ್ತಿತ್ತು.

"ಇದನ್ನ ಗೇಣುದ್ದ ಎತ್ತರ ಮಾಡಿಕೊಡು ರಹಿಮಾನ್," ಎಂದ ಗೋಪಣ್ಣ.

ರಹಿಮಾನ್ ಅಂಗಾತ ಮಲಗಿ ಗಾಡಿಯ ಕೆಳಗೆ ಸರಿದು ನೋಡಿ ಹೊರಬಂದ. "ಇದಕ್ಕ ಪಾಟಾನ ಇಲ್ಲಲ್ರೀ ಗೋಪಣ್ಣಾರ. ನಾಲ್ಕೂ ಕಡೆ ಸುರುಳಿ ಸ್ಪ್ರಿಂಗ್ ಅದಾವು. ನಾ ಪಾಟಾ ಕೆಲಸದಾವ."

"ಸ್ಪ್ರಿಂಗ್ ನಾನ ತಂದೀನಿ. ಹೈದರಾಬಾದಿನಾಗ ಇದಕ್ಕಂತನ ಉದ್ದ ಮಾಡಿಸೀನಿ, ಉದ್ದನ್ನ ಶಾಕಪ್ಪೂ ತಂದೀನಿ. ಹಾಕಾಕ ಸಿಂಧನೂರಾಗ ಯಾರೂ ಒಪ್ಪವಲ್ರು. ನೀ ಒಬ್ಬಾವ ಮಾಡ್ತಿ ಅಂತ ಬಂದೀನಿ."

ಶಾಕಪ್ಪೆಂದರೆ ಸ್ಪ್ರಿಂಗಿನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರು. ಸಿಂಧನೂರಿನವರು ಒಲ್ಲೆ ಎಂದ ಕೆಲಸ ಎಂಬ ಮಾತು ರಹಿಮಾನನಿಗೆ ನಾಟಿತು. ಊಟಕ್ಕೆ ಕುಳಿತಾಗ ಮಾಸುಂಬಿಯನ್ನು ಕೇಳಿದ. ಅವನು ಅವಳನ್ನು ಕೇಳುವುದೇ ಅಪರೂಪ. "ಮಾಡಿ ನೋಡ್ರಿ, ಏನಾಗತೈತಿ," ಎಂದಳು ಅವಳು. ಆ ಮಾತನ್ನು ಆಮೇಲೆ ಅವಳು ಎಷ್ಟು ಸಲ ನೆನೆದಳೋ.

ಮುಂದಿನ ಗಾಲಿಗಳ ಎರಡು ಸ್ಪ್ರಿಂಗುಗಳನ್ನು ಅವನು ಬಲು ನಿಧಾನವಾಗಿ, ಭಯಭಕ್ತಿಯಿಂದ ಹಾಕಿದ. ಎರಡು ಉದ್ದನೆಯ ಸಲಾಕೆಗಳಿಗೆ ಕೊಕ್ಕೆ ಮಾಡಿಸಿ, ಸ್ಪ್ರಿಂಗಿನ ಎರಡೂ ಬದಿಗೆ ಸಿಕ್ಕಿಸಿ, ನಟ್ಟು ತಿರುಗಿಸುತ್ತ ತಿರುಗಿಸುತ್ತ ಸುರುಳಿಯನ್ನು ಅಮುಕಿ ಗಿಡ್ಡ ಮಾಡುತ್ತಿದ್ದ. ಗಿಡ್ಡವಾದ ಸ್ಪ್ರಿಂಗನ್ನು ಅದರ ಜಾಗದಲ್ಲಿ ಕೂಡಿಸಿ ಮೆಲ್ಲಗೆ ಸಡಿಲಿಸುತ್ತಿದ್ದ. ಹಿಂದಿನ ಎಡಗಡೆಯದೂ ಹಾಗೇ ಆಯಿತು. ಅಷ್ಟರಲ್ಲಿ ಗೋಪಣ್ಣನಿಗೆ ಅವಸರ. ಮಳೆ ಹಿಡಿಯುವ ಮೊದಲು ಕಾಲುವೆಯ ಕೆಲಸ ಮುಗಿಯಬೇಕಿತ್ತು. ದಿನಾ ಬಂದು ನಿಲ್ಲುತ್ತಿದ್ದ. "ಇನ್ನೂ ಆಗಿಲ್ಲೇನೋ," ಎನ್ನುತ್ತಿದ್ದ. ಒಂದು ಸಲ ಮಂದಿಯ ಮುಂದೆ, "ಇದಕ್ಕಿಂತ ಸಿಂಧನೂರಿನವರ ಕೈಕಾಲು ಹಿಡದಿದ್ರ ಚಲೋ ಇತ್ತು," ಎಂದುಬಿಟ್ಟ.

ಅಂದು ಮಧ್ಯಾಹ್ನ ಮಾಸುಂಬಿ ರೊಟ್ಟಿಯ ಗಂಟು ಹಿಡಿದು ಬರುತ್ತಿದ್ದಾಗ ಶೆಡ್ಡಿನೊಳಗಿಂದ ದೊಡ್ಡ ಸದ್ದು ಕೇಳಿತು. ಲಾರಿಯ ಟಯರು ಒಡೆಯಿತೆಂದುಕೊಂಡಳು. ಒಳಗೆ ಹೋದರೆ ರಹಿಮಾನ್ ನೆಲದ ಮೇಲೆ ಕುಳಿತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಅವಸರದಲ್ಲಿ ಅಮುಕಿದ್ದ ನಾಲ್ಕನೆಯ ಸ್ಪ್ರಿಂಗಿನಿಂದ ಒಂದು ಕೊಕ್ಕೆ ಜಾರಿ, ಸಲಾಕೆ ಹಾರಿ ಬಂದು ಅವನ ಬಲಗಣ್ಣಿಗೆ ಹೊಡೆದಿತ್ತು. ಸ್ಪ್ರಿಂಗು ಗೋಡೆಯ ತಗಡನ್ನು ಬಾಗಿಸಿ ಮೂಲೆಗೆ ಹೋಗಿ ಬಿದ್ದಿತ್ತು.

"ಏನೂ ಆಗಿಲ್ಲ, ಏನೂ ಆಗಿಲ್ಲ," ಎನ್ನುತ್ತಿದ್ದ ರಹಿಮಾನ್.

ಎದುರಿನ ಚಹಾ ಅಂಗಡಿಯ ಆದಮ್ಮ ಓಡಿಬಂದು ತನ್ನ ಸೆರಗನ್ನೇ ಹರಿದು ಕಟ್ಟಿದಳು. ಸಿಕ್ಕ ಜೀಪಿನಲ್ಲಿ ಲಿಂಗಸುಗೂರಿಗೆ, ಅಲ್ಲಿಂದ ಹುಬ್ಬಳ್ಳಿಗೆ ಹೋದರು. ಗೋಪಣ್ಣನೂ ಜೊತೆಗೆ ಬಂದ.

ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ವಯಸ್ಸಾದವರು, ಸಮಾಧಾನದ ಮನುಷ್ಯ. ಬಲಗಣ್ಣು ಒಡೆದಿದೆ, ಅದರಲ್ಲಿ ಇನ್ನು ಬೆಳಕು ಬಾರದು ಎಂದು ಹೇಳಿದರು. ಆಮೇಲೆ ಇನ್ನೊಂದು ಮಾತು ಹೇಳಿದರು. ಹೀಗೆ ಒಡೆದ ಕಣ್ಣನ್ನು ಹಾಗೇ ಬಿಟ್ಟರೆ ಕೆಲವರಿಗೆ ಸ್ವಲ್ಪ ದಿನದಲ್ಲಿ ಒಳ್ಳೆಯ ಕಣ್ಣೂ ಅದರ ಹಿಂದೆಯೇ ಹೋಗುತ್ತದೆ. ಎಲ್ಲರಿಗೂ ಆಗುವುದಿಲ್ಲ, ಆದರೆ ಆಯಿತೆಂದರೆ ಕಷ್ಟ. ಆದ್ದರಿಂದ ಕೆಟ್ಟ ಕಣ್ಣನ್ನು ತೆಗೆದುಬಿಡುವುದು ಒಳ್ಳೆಯದು.

ರಹಿಮಾನ್ ಮಂಚದ ಮೇಲೆ ಎದ್ದು ಕುಳಿತ. "ಹೊಡತ ಬಿದ್ದದ್ದು ಒಂದು ಕಣ್ಣಿಗೆ. ಇನ್ನೊಂದಕ್ಕ ಹ್ಯಾಂಗ ಹೋಗತೈತಿ? ಅಲ್ಲಾ ಕೊಟ್ಟ ಕಣ್ಣ ನಾ ತಗಸಂಗಿಲ್ಲ. ಮಣ್ಣಿಗೆ ಹೋಗಾಗ ಅರ್ಧಾ ಮಾರಿ ತಗೊಂಡು ಹೋಗಲೇನು?"

ಡಾಕ್ಟರು ಮಾಸುಂಬಿಯ ಕಡೆ ತಿರುಗಿದರು. "ನೀನಾದ್ರೂ ಹೇಳಮ್ಮ ನಿನ್ನ ಗಂಡಗ."

ಮಾಸುಂಬಿ ಗಂಡನನ್ನು ನೋಡಿದಳು. ಅವನ ಇದ್ದೊಂದು ಕಣ್ಣು ಅವಳನ್ನೇ ನೋಡುತ್ತಿತ್ತು, ಹೆದರಿದ ದನದ ಕಣ್ಣಿನ ಹಾಗೆ. ಅವನು ಹೆದರಿದ್ದನ್ನು ಅವಳು ಅದುವರೆಗೆ ಕಂಡಿರಲಿಲ್ಲ. "ಅವರು ಹ್ಯಾಂಗ ಅಂತಾರ ಹಂಗ ಆಗ್ಲಿ ಸಾಹೇಬ್ರ," ಎಂದಳು.

ಹೊಲಿಗೆ ಹಾಕಿ ಕಳಿಸಿದರು. ಎಡಗಣ್ಣು ಕೆಂಪಾದರೆ, ಮಂಜಾದರೆ, ಒಂದು ದಿನವೂ ತಡಮಾಡದೆ ಬರಬೇಕೆಂದು ಮತ್ತೆ ಮತ್ತೆ ಹೇಳಿದರು.

ಮುಂಗಾರು ಹಿಡಿದ ಮೇಲೆ ಒಂದು ಬೆಳಿಗ್ಗೆ ರಹಿಮಾನ್ ಚಹಾದ ಕಪ್ಪಿಗೆ ಕೈ ಚಾಚಿದವನು ಅದರ ಪಕ್ಕದ ನೆಲವನ್ನು ತಡಕಿದ. ಮಾಸುಂಬಿ ಅವನ ಮುಖ ತನ್ನ ಕಡೆ ತಿರುಗಿಸಿದಳು. "ಕಣ್ಣು ಮಂಜ ಆಗ್ಯಾದೇನ್ರೀ?" ಎಂದು ಕೇಳಿದಳು.

"ನಿದ್ದಿ ಇಲ್ಲ, ಅದಕ್ಕ," ಎಂದ. ನಿಜ ಏನೆಂದರೆ ಎಷ್ಟೋ ದಿನದಿಂದ ಕಣ್ಣು ನೋಯುತ್ತಿತ್ತು, ಬೆಳಕು ಚುಚ್ಚುತ್ತಿತ್ತು. ಹೇಳಿದರೆ ಬಲಗಣ್ಣು ತೆಗೆಯುತ್ತಾರೆಂದು ಮುಚ್ಚಿಟ್ಟಿದ್ದ. ಹುಬ್ಬಳ್ಳಿಗೆ ಹೋಗುವಷ್ಟರಲ್ಲಿ ತಡವಾಗಿತ್ತು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೆಂದು ಮಾಸುಂಬಿಗೆ ಅನ್ನಿಸಿತು. ಸೂಜಿ, ಗುಳಿಗೆ, ಕಣ್ಣಿಗೆ ಹನಿ, ಎಲ್ಲ ಕೊಟ್ಟರು. ಕೊನೆಗೆ ಉಳಿದದ್ದು ಇಷ್ಟು: ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬುದು ರಹಿಮಾನನಿಗೆ ಗೊತ್ತಾಗುತ್ತಿತ್ತು. ಬಾಗಿಲಲ್ಲಿ ನಿಂತವರು ಯಾರೆಂಬುದು ಗೊತ್ತಾಗುತ್ತಿರಲಿಲ್ಲ.

ಅತ್ತೆ ಸುಭಾನಬಿ ಮಗನನ್ನು ಏನೂ ಅನ್ನಲಿಲ್ಲ. ಸೊಸೆಯನ್ನು ಅಂದಳು. "ಅವ ಬುದ್ಧಿ ಇಲ್ಲದ ಗಂಡಸು. ನಿನಗೇನಾಗಿತ್ತು? ಡಾಕ್ಟರ್ ಕೈ ಮುಗದು ಹೇಳಿದ್ರೂ ಬಾಯಿ ಮುಚಗೊಂಡು ನಿಂತಿದ್ದೆಲ್ಲ. ನನ್ನ ಮಗನ್ನ ಕುಲ್ಡನ್ನ ಮಾಡಿ ತಂದಿ."

ಅದೇ ಮಾತನ್ನು ಮಾಸುಂಬಿ ತನಗೆ ತಾನೇ ದಿನವೂ ಹೇಳಿಕೊಳ್ಳುತ್ತಿದ್ದಳು.

ಗಾಡಿ ಮಾತ್ರ ಶೆಡ್ಡಿನಲ್ಲಿ ನಿಂತೇ ಇತ್ತು. ಮೂರು ಮೂಲೆ ಎತ್ತರವಾಗಿ, ಹಿಂದಿನ ಬಲಮೂಲೆ ಖಾಲಿಯಾಗಿ, ಕಟ್ಟಿಗೆಯ ತೊಲೆಗಳ ಮೇಲೆ ಒಂದು ಕಾಲು ಮುರಿದ ಎತ್ತಿನ ಹಾಗೆ ನಿಂತಿತ್ತು. ಅದನ್ನು ಎಳೆದೊಯ್ಯುವ ಹಾಗಿರಲಿಲ್ಲ, ಇಲ್ಲಿಗೇ ಬಂದು ಮಾಡುತ್ತೇನೆನ್ನುವವರೂ ಇರಲಿಲ್ಲ. ಕಣ್ಣು ತೆಗೆದ ಸ್ಪ್ರಿಂಗ್ ಎಂದು ಸಿಂಧನೂರಿನವರೆಗೂ ಸುದ್ದಿ ಹೋಗಿತ್ತು. ಗೋಪಣ್ಣ ಬಾಡಿಗೆ ಜೀಪಿನಲ್ಲಿ ಓಡಾಡುತ್ತಿದ್ದ. ಆಗಾಗ ಬಂದು ಶೆಡ್ಡಿನ ಹೊರಗೆ ನಿಲ್ಲುತ್ತಿದ್ದ. ಗಾಡಿಯನ್ನೊಮ್ಮೆ, ಮನೆಯ ಕಡೆಗೊಮ್ಮೆ ನೋಡಿ, ಆದಮ್ಮನ ಬಳಿ ಚಹಾ ಕುಡಿದು ಹೋಗುತ್ತಿದ್ದ.

ದಸರೆ ಕಳೆದ ಮೇಲೆ ಒಂದು ಮಧ್ಯಾಹ್ನ ರಹಿಮಾನ್ ಗೋಡೆಗೆ ಒರಗಿ ಕುಳಿತವನು, ಯಾರಿಗೂ ಅಲ್ಲದೆ, ತನ್ನಷ್ಟಕ್ಕೇ ಅಂದ: "ಬ್ರೇಕಿನ ಪೈಪ್ ಬಿಚ್ಚಿದ್ರ ಮುಗೀತಿತ್ತು. ಶಾಕಪ್ ಬಿಚ್ಚಿ, ಪೈಪ್ ಬಿಚ್ಚಿ, ಹೌಸಿಂಗ್ ಕೆಳಗ ಇಳಿಸಿದ್ರ ಜಾಗ ತಾನ ಆಗತಿತ್ತು. ಸ್ಪ್ರಿಂಗ್ ಅಮುಕೋದ ಬ್ಯಾಡಾಗಿತ್ತು."

ಹೌಸಿಂಗ್ ಎಂದರೆ ಹಿಂದಿನ ಎರಡು ಗಾಲಿಗಳ ನಡುವಿನ ದಪ್ಪ ಕಬ್ಬಿಣದ ದಿಂಡು. ಅದು ಜೋತಷ್ಟೂ ಸ್ಪ್ರಿಂಗಿಗೆ ಜಾಗ ಹೆಚ್ಚುತ್ತದೆ. ಅದನ್ನು ಜೋಲಲು ಬಿಡದೆ ಹಿಡಿದದ್ದು ಬೆರಳಿನಷ್ಟು ದಪ್ಪದ ಬ್ರೇಕಿನ ಪೈಪು. ಅದನ್ನು ಬಿಚ್ಚಿದರೆ ಎಣ್ಣೆ ಸೋರುತ್ತದೆ, ಮತ್ತೆ ತುಂಬಿ ಗಾಳಿ ತೆಗೆಯಬೇಕು, ಅರ್ಧ ದಿನ ಹೋಗುತ್ತದೆ. ಆ ಅರ್ಧ ದಿನ ಉಳಿಸಲು ಹೋಗಿ ಹೀಗಾಯಿತೆಂಬುದು ಅವನಿಗೆ ಮೊದಲೇ ತಿಳಿದಿತ್ತು. ಮಾಸುಂಬಿಗೆ ತಿಳಿದದ್ದು ಅಂದು.

"ಮತ್ತ ಬ್ರೇಕ್ ಪೈಪ್ ಸಣ್ಣದಾಗಂಗಿಲ್ಲೇನ್ರೀ, ಗಾಡಿ ಎತ್ತರ ಆದ ಮ್ಯಾಲೆ?" ಎಂದು ಕೇಳಿದಳು.

ರಹಿಮಾನ್ ತಲೆ ಎತ್ತಿದ. "ಉದ್ದಂದು ಹಾಕಬೇಕು," ಎಂದು ಅಂದು, ತಾನು ಯಾರಿಗೆ ಹೇಳುತ್ತಿದ್ದೇನೆಂದು ಹೊಳೆದವನಂತೆ ಬಾಯಿ ಮುಚ್ಚಿದ. ಆಮೇಲೆ ಅವಳು ಏನು ಕೇಳಿದರೂ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಮಾಸುಂಬಿ ಮರುದಿನ ಗೋಪಣ್ಣನಿಗೆ ಹೇಳಿ ಕಳಿಸಿ ಉದ್ದನೆಯ ಬ್ರೇಕ್ ಪೈಪು ತರಿಸಿದಳು. ಅತ್ತೆ ಬಾಗಿಲಿಗೆ ಅಡ್ಡ ನಿಂತಳು. "ಅದರ ಹತ್ರ ಹೋಗಬ್ಯಾಡ. ಅದಕ್ಕ ಇನ್ನೊಂದ ಜೀವ ಬೇಕಾಗೇತಿ."

"ಅದು ಅಲ್ಲೇ ನಿಂತ್ರ ನಾವು ಮೂವರೂ ಅದರ ಕೆಳಗ ಇದ್ದಂಗ ಅಮ್ಮಾ," ಎಂದಳು ಮಾಸುಂಬಿ. "ಅದು ಈ ಮನಿ ಬಿಟ್ಟು ಹೋಗ್ಲಿ. ಆಮ್ಯಾಲೆ ನೀವು ಏನಂದ್ರೂ ಕೇಳತೀನಿ."

ಆದಮ್ಮ ಚಹಾದ ಒಲೆ ಆರಿಸಿ ಜೊತೆಗೆ ಬಂದಳು. ಮೂಲೆಯಲ್ಲಿ ಬಿದ್ದಿದ್ದ ಸ್ಪ್ರಿಂಗಿಗೆ ಜೇಡ ಬಲೆ ಕಟ್ಟಿತ್ತು. ಮಾಸುಂಬಿ ಅದನ್ನು ಮೊದಲು ಕೋಲಿನಿಂದ ತಿವಿದು ನೋಡಿದಳು. ಅಮುಕದೆ ಬಿಟ್ಟ ಸ್ಪ್ರಿಂಗು ಬರೀ ಕಬ್ಬಿಣ, ಅದು ಯಾರಿಗೂ ಏನೂ ಮಾಡದು ಎಂದು ಗೊತ್ತಿದ್ದರೂ ತಿವಿದಳು. ಇಬ್ಬರೂ ಕೂಡಿ ಅದನ್ನು ಉರುಳಿಸಿ ತಂದರು.

ಗಾಡಿಯ ತಳದ ಕಬ್ಬಿಣದ ಚೌಕಟ್ಟಿಗೆ ಇನ್ನೂ ಎತ್ತರದ ಆಧಾರ ಕೊಟ್ಟು, ಹೌಸಿಂಗಿನ ಕೆಳಗೆ ಜಾಕು ನಿಲ್ಲಿಸಿದರು. ಶಾಕಪ್ಪಿನ ಬೋಲ್ಟು ತುಕ್ಕು ಹಿಡಿದು ಒಂದು ತಾಸು ಕಾಡಿತು. ಪಾನಾ ಜಾರಿ ಮಾಸುಂಬಿಯ ಮುಂಗೈ ಸೀಳಿತು. ಸೀಮೆಎಣ್ಣೆ ಬಿಟ್ಟು, ಪಾನಾಕ್ಕೆ ಉದ್ದನೆಯ ಕೊಳವೆ ಸಿಕ್ಕಿಸಿ, ಇಬ್ಬರೂ ಅದರ ಮೇಲೆ ಜೋತುಬಿದ್ದರು. ಬೋಲ್ಟು ಕಿರುಚಿ ತಿರುಗಿತು. ಬ್ರೇಕಿನ ಪೈಪು ಬಿಚ್ಚಿದಾಗ ಎಣ್ಣೆ ಅವಳ ಕುಪ್ಪಸದ ಮೇಲೆಲ್ಲ ಸುರಿಯಿತು. ಆಮೇಲೆ ಜಾಕನ್ನು ಒಂದೊಂದೇ ಹಲ್ಲು ಇಳಿಸುತ್ತ ಬಂದರೆ, ರಹಿಮಾನ್ ಅಂದ ಹಾಗೇ, ಹೌಸಿಂಗ್ ಕೆಳಗೆ ಜೋತು ಬಾಯಿ ತೆರೆಯಿತು. ಸ್ಪ್ರಿಂಗು ನಿಂತ ನಿಲುವಿನಲ್ಲೇ ಒಳಗೆ ಹೋಯಿತು. ಕೊಕ್ಕೆ ಬೇಕಾಗಲಿಲ್ಲ, ಸಲಾಕೆ ಬೇಕಾಗಲಿಲ್ಲ.

"ಇಷ್ಟನ?" ಎಂದಳು ಆದಮ್ಮ. "ಇಷ್ಟಕ್ಕನ ಆ ಮನುಷ್ಯಾನ ಕಣ್ಣ ಹೋದವೇನ ಬೇ?"

ಮಾಸುಂಬಿ ನೆಲದ ಮೇಲೆ ಕುಳಿತುಬಿಟ್ಟಳು. ಅಷ್ಟು ದಿನ ಬಾರದಿದ್ದ ಅಳು ಅಲ್ಲಿ, ಆ ಎಣ್ಣೆಯ ಕೆಸರಿನಲ್ಲಿ ಕುಳಿತಾಗ ಬಂತು.

ಶಾಕಪ್ಪು ಕೂಡಿಸಿ ಉದ್ದನೆಯ ಪೈಪು ಹಾಕಿದ ಮೇಲೆ ಬ್ರೇಕಿನ ಗಾಳಿ ತೆಗೆಯಬೇಕಿತ್ತು, ಗಂಡ ಜೀಪುಗಳಿಗೆ ಮಾಡುವುದನ್ನು ಮಾಸುಂಬಿ ನೋಡಿದ್ದಳು. ಆದಮ್ಮ ಸೀರೆ ಎತ್ತಿ ಕಟ್ಟಿ ಡ್ರೈವರನ ಜಾಗದಲ್ಲಿ ಕುಳಿತು ಬ್ರೇಕು ತುಳಿದಳು. ಮಾಸುಂಬಿ ಕೆಳಗೆ ಮಲಗಿ, "ತುಳಿ... ಹಿಡಿ... ಬಿಡು," ಎನ್ನುತ್ತ ಗುಳ್ಳೆ ನಿಲ್ಲುವವರೆಗೆ ಎಣ್ಣೆ ಬಿಟ್ಟಳು. ಗಾಡಿ ನಾಲ್ಕು ಕಾಲ ಮೇಲೆ ಸಮನಾಗಿ ನಿಂತಿತು. ಒಳಗೆ ಹತ್ತಲು ಆದಮ್ಮನಂಥ ಗಿಡ್ಡ ಹೆಂಗಸಿಗೆ ಏಣಿ ಬೇಕು, ಅಷ್ಟು ಎತ್ತರ.

ಗೋಪಣ್ಣ ಬಂದು ಗಾಡಿಯ ಸುತ್ತ ತಿರುಗಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಮನೆಯ ಬಾಗಿಲಿಗೆ ಹೋಗಿ, "ರಹಿಮಾನ್, ಬಾ, ಒಂದು ಸುತ್ತು ಹೋಗಿ ಬರೋಣು. ನೀ ಕುಂತು ಹೆಂಗೈತಿ ಹೇಳು. ಕಣ್ಣ ಬ್ಯಾಡ, ನಿಂಗ ಗಾಡಿ ಮೈಯಾಗ ತಿಳೀತೈತಿ," ಎಂದು ಕರೆದ.

ರಹಿಮಾನ್ ಗೋಡೆಯ ಕಡೆ ತಿರುಗಿ ಮಲಗಿದ. ಮಾಸುಂಬಿ ಬಂದು ಭುಜ ಮುಟ್ಟಿದಳು. ಅವನು ಕೈ ಕೊಡವಿದ.

"ನನ್ನ ಕೈ ಕಡಕೊಂಡು ನೀ ಹಚಗೊಂಡಿ," ಎಂದ. "ಈಗ ನನ್ನ ಯಾಕ ಕೇಳತೀ? ಹೋಗು."

ಗೋಪಣ್ಣ ಒಬ್ಬನೇ ಗಾಡಿ ಓಡಿಸಿಕೊಂಡು ಹೋದ.

ಆ ಚಳಿಗಾಲ ಮಾಸುಂಬಿ ಅಂಗಡಿ ತೆರೆದಳು. ಅತ್ತೆ ಬೇಡವೆಂದಳು, ಅವಳಿಗೆ ಕೊಟ್ಟ ಮಾತೂ ನೆನಪಿತ್ತು, ಆದರೆ ತುರ್ವಿಹಾಳದ ಒಂದು ಟ್ರಾಲಿ ಪಾಟಾ ಮುರಿದುಕೊಂಡು ಬಾಗಿಲಿಗೆ ಬಂದಾಗ ಸುಭಾನಬಿಯೇ ಸುಮ್ಮನಾದಳು. ಹಳೆಯ ಗಿರಾಕಿಗಳಲ್ಲಿ ಅರ್ಧ ಮಂದಿ ಬಂದರು, ಅರ್ಧ ಮಂದಿ ಹೆಂಗಸು ಗಾಡಿ ಕೆಳಗೆ ಮಲಗುತ್ತಾಳೆಂದು ನಕ್ಕು ಮುಂದೆ ಹೋದರು. ರಹಿಮಾನ್ ಅಂಗಡಿಗೆ ಕಾಲಿಡಲಿಲ್ಲ. ಅವಳ ಮೈಯಿಂದ ಗ್ರೀಸಿನ ವಾಸನೆ ಬಂದರೆ ಊಟದ ತಟ್ಟೆ ದೂಡುತ್ತಿದ್ದ. ಇಬ್ಬರ ನಡುವೆ ಮಾತೆಂದರೆ, "ನೀರು," "ಇಲ್ಲೈತ್ರಿ," ಇಷ್ಟೇ.

ಮುಂದಿನ ಬೇಸಿಗೆಯಲ್ಲಿ ಗೋಪಣ್ಣನ ಗಾಡಿ ಲಿಂಗಸುಗೂರಿನ ರಸ್ತೆಯ ತಿರುವಿನಲ್ಲಿ ಪಲ್ಟಿಯಾಯಿತು. ಅವನೊಬ್ಬನೇ ಇದ್ದ. ತೊಡೆಯ ಎಲುಬು ಮುರಿದು ದವಾಖಾನೆ ಸೇರಿದ. ಅವನ ಅಳಿಯ ಕನಕರಾಯ, ಸಿಟ್ಟಿನ ಹುಡುಗ, ನುಜ್ಜುಗುಜ್ಜಾದ ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿ ತಂದು ಮಾಸುಂಬಿಯ ಅಂಗಡಿಯ ಮುಂದೆ ಬಿಸಾಡಿಸಿದ. ಹತ್ತಿರದ ಬಸ್‌ಸ್ಟ್ಯಾಂಡಿನ ಮಂದಿಯೆಲ್ಲ ಕೂಡಿತು.

"ಸ್ಟೇರಿಂಗ್ ತಿರುಗಿಸಿದ್ರ ಗಾಲಿ ತಿರುಗಲಿಲ್ಲಂತ! ನಮ್ಮ ಮಾವ ಸಾಯತಿದ್ದ. ಹೆಂಗಸಿನ ಕೈಯಾಗ ಗಾಡಿ ಕೊಟ್ರ ಮತ್ತೇನಾಗತೈತಿ? ಬಾ ಬೇ ಹೊರಗ, ಎಲ್ಲಿ ಏನು ಬಿಗದಿ ತೋರಸು!"

ಮಾಸುಂಬಿ ಹೊರಬಂದು ನಿಂತಳು. ತಾನು ಹಾಕಿದ ಮೂಲೆಯನ್ನು ಮನಸ್ಸಿನಲ್ಲೇ ಬಿಚ್ಚಿ ಕಟ್ಟಿ ನೋಡುತ್ತಿದ್ದಳು. ಆ ಬೋಲ್ಟು ಬಿಗಿದಿದ್ದೆನೇ? ಬಿಗಿದಿದ್ದೆ. ಆದಮ್ಮನೂ ನೋಡಿದ್ದಳು. ಆದರೂ ಖಾತ್ರಿ ಉಳಿಯಲಿಲ್ಲ.

ಹಿಂದಿನಿಂದ ಮಂದಿ ಸರಿದು ದಾರಿ ಬಿಟ್ಟರು. ರಹಿಮಾನ್ ಒಂದು ಕೈ ಗೋಡೆಗೆ, ಒಂದು ಕೈ ತಾಯಿಯ ಹೆಗಲಿಗೆ ಇಟ್ಟು ಬರುತ್ತಿದ್ದ. ಹೆಚ್ಚುಕಡಿಮೆ ವರ್ಷದ ಮೇಲೆ ಅವನು ಹಗಲಿನಲ್ಲಿ ಬೀದಿಗೆ ಬಂದದ್ದು ಅದೇ ಮೊದಲು.

"ಗಾಡಿ ಎಲ್ಲೈತಿ?" ಎಂದ.

ಯಾರೋ ಅವನ ಕೈ ಹಿಡಿದು ಗಾಡಿಗೆ ಮುಟ್ಟಿಸಿದರು. ಅವನು ಮೊದಲು ಹಿಂದಿನ ಬಲಮೂಲೆಗೆ ಹೋದ. ನೆಲದ ಮೇಲೆ ಮಲಗಿ ಕೈ ಒಳಗೆ ಹಾಕಿದ. ಸ್ಪ್ರಿಂಗಿನ ಮೇಲ್ತುದಿ, ಕೆಳತುದಿ, ಶಾಕಪ್ಪಿನ ಬೋಲ್ಟು, ಬ್ರೇಕಿನ ಪೈಪಿನ ಕೀಲು, ಒಂದೊಂದನ್ನೂ ಬೆರಳಿನಿಂದ ತಡವಿ ಅಲುಗಾಡಿಸಿ ನೋಡಿದ. ತಾನು ಮಾಡಿದ ಎಡಮೂಲೆಯನ್ನೂ ನೋಡಿದ. ಆಮೇಲೆ ರಹಿಮಾನ್ ತೆವಳಿಕೊಂಡು ಮುಂದಕ್ಕೆ ಬಂದ. ಸ್ಟೇರಿಂಗಿನಿಂದ ಗಾಲಿಗೆ ಹೋಗುವ ಉದ್ದನೆಯ ರಾಡು ಗಾಲಿಯ ಕಡೆ ಕಳಚಿ ಜೋತಿತ್ತು. ಅದರ ತುದಿಯನ್ನು ಹಿಡಿದು ಸುತ್ತ ತಡವಿದ. ನಟ್ಟು ಬಿಚ್ಚಿ ಹೋಗದಂತೆ ಅಡ್ಡ ಹಾಕುವ ಸಣ್ಣ ಪಿನ್ನಿನ ತೂತಿನಲ್ಲಿ ಅವನ ಬೆರಳು ನಿಂತಿತು. ಪಿನ್ನು ಮುರಿದಿದ್ದರೆ ತೂತಿನಲ್ಲಿ ಅದರ ಚೂರಾದರೂ ಇರಬೇಕಿತ್ತು. ಏನೂ ಇರಲಿಲ್ಲ.

ಅವನು ಎದ್ದು ನಿಂತ. ಮುಖದ ತುಂಬ ಮಣ್ಣು.

"ಹಿಂದಿಂದು ಎಲ್ಲಾ ಗಟ್ಟಿ ಐತಿ," ಎಂದ, ಎಲ್ಲರಿಗೂ ಕೇಳುವ ಹಾಗೆ. "ಆಕಿ ಮಾಡಿದ್ದು ಒಂದ ನಟ್ಟೂ ಸಡಿಲ ಆಗಿಲ್ಲ. ಇದು ಮುಂದಿಂದು. ಇದು ನನ್ನ ಕೆಲಸ. ನಾಲ್ಕೂ ಎತ್ತರ ಆದ ಮ್ಯಾಲೆ ಸ್ಟೇರಿಂಗ್ ನೆಟ್ಟಗ ಮಾಡಿ ಪಿನ್ ಹಾಕಬೇಕಂತ ಬಿಟ್ಟಿದ್ದೆ. ಕಣ್ಣಿನ ಸಂಕಟದಾಗ ಮರತೆ. ಆಕಿಗೆ ಹೇಳಲಿಲ್ಲ. ಗೋಪಣ್ಣಾರು ಕರದಾಗ ಗಾಡ್ಯಾಗ ಕುಂತಿದ್ರ ನೆನಪಾಗತಿತ್ತು, ಕೂಡ್ಲಿಲ್ಲ. ಕನಕರಾಯ, ಬೈಯೋದಿದ್ರ ನನ್ನ ಬೈ."

ಕನಕರಾಯ ಬೈಯಲಿಲ್ಲ. ಕಣ್ಣಿಲ್ಲದ ಮನುಷ್ಯನನ್ನು ಅಷ್ಟು ಮಂದಿಯ ನಡುವೆ ಏನು ಅನ್ನುವುದೆಂದೋ ಏನೋ, ನೆಲಕ್ಕೆ ಉಗುಳಿ ಹೋಗಿಬಿಟ್ಟ. ಮಂದಿ ಚದುರಿತು. ಮಾಸುಂಬಿ ಗಂಡನ ಕೈ ಹಿಡಿಯಲು ಬಂದಳು. ಈ ಸಲ ಅವನು ಕೊಡವಲಿಲ್ಲ, ಆದರೆ ಅವನ ಕೈ ತಣ್ಣಗೆ ಕಲ್ಲಿನಂತಿತ್ತು.

"ನಾ ಮುಂದಿಂದು ನೋಡಬೇಕಿತ್ರಿ," ಎಂದಳು ಅವಳು. "ನೀವು ಮಾಡಿದ್ದೈತಲ್ಲ ಅಂತ ಬಿಟ್ಟೆ."

"ನಾ ಮಾಡಿದ್ದಂತ ಯಾವದನ್ನೂ ಬಿಡಬ್ಯಾಡ ಇನ್ನ ಮ್ಯಾಲೆ," ಎಂದ ರಹಿಮಾನ್.

ಇದರಿಂದ ಅವರ ಬಾಳು ಹಸನಾಯಿತೆಂದರೆ ಸುಳ್ಳಾಗುತ್ತದೆ. ರಹಿಮಾನನ ಮಾತು ಊರಿಗೆ ಬೇರೆಯದೇ ರೀತಿಯಲ್ಲಿ ಮುಟ್ಟಿತು. ಆ ಅಂಗಡಿಯಲ್ಲಿ ಪಿನ್ನು ಹಾಕುವುದನ್ನೇ ಮರೆಯುತ್ತಾರಂತೆ ಎಂದು ಜೀಪಿನವರು ಬರುವುದನ್ನು ಬಿಟ್ಟರು. ಆ ಮಳೆಗಾಲವೆಲ್ಲ ಅಂಗಡಿ ಮುಚ್ಚಿಯೇ ಇತ್ತು. ಮಾಸುಂಬಿ ಮತ್ತೆ ಹತ್ತಿ ಗಿರಣಿಗೆ ಹೋದಳು. ಗೋಪಣ್ಣ ಕಾಲು ಕೂಡಿದ ಮೇಲೂ ಕುಂಟುತ್ತಲೇ ಉಳಿದ. ಅವನು ಪೊಲೀಸರಿಗೆ ದೂರು ಕೊಡಲಿಲ್ಲ, ಅಂಗಡಿಗೂ ಬರಲಿಲ್ಲ. ಗಾಡಿಯನ್ನು ಗುಜರಿಗೆ ಕೊಟ್ಟನೆಂದು ಆದಮ್ಮ ಹೇಳಿದಳು. ಒಮ್ಮೆ ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಾಸುಂಬಿಗೆ ಎದುರಾದ. ಅವಳು ನಿಂತಳು. ಅವನೂ ನಿಂತ. "ನಂಗೂ ಸ್ಟೇರಿಂಗ್ ಸಡಿಲ ಅನಸಾಕತ್ತಿತ್ತು ತಂಗೀ, ಪಲ್ಟಿ ಆಗೋ ಒಂದ ವಾರ ಮೊದಲ. ನಿಲ್ಲಿಸಿ ನೋಡೋಷ್ಟು ಪುರಸೊತ್ತು ಮಾಡಿಕೊಳ್ಳಲಿಲ್ಲ," ಎಂದ. ಬಸ್ಸು ಬಂತು, ಹತ್ತಿ ಹೋದ.

ಸುಗ್ಗಿಯ ಹೊತ್ತಿಗೆ ಭತ್ತ ಹೇರುವ ಟ್ರಾಲಿಗಳ ಪಾಟಾ ಸಾಲಾಗಿ ಮುರಿಯತೊಡಗಿದವು. ಆಗ ಯಾರಿಗೂ ಸಿಂಧನೂರಿನವರೆಗೆ ಹೋಗುವ ಪುರಸೊತ್ತಿರಲಿಲ್ಲ. ಮುಕ್ಕುಂದದ ಟ್ರಾಲಿ ಮೊದಲು ಬಂತು, ಅದರ ಹಿಂದೆ ತುರ್ವಿಹಾಳದ್ದು. ಮಾಸುಂಬಿ ಗಿರಣಿ ಬಿಟ್ಟು ಶೆಡ್ಡಿನ ಬೀಗ ತೆಗೆದಳು. ಅಂದು ರಹಿಮಾನ್ ಕೋಲೂರಿಕೊಂಡು ತಾನೇ ಬಂದು ಒಳಗೆ ಕುಳಿತ. ಅವಳು ಕೊನೆಯ ಬೋಲ್ಟು ಬಿಗಿದು ಹೊರಬಂದ ಮೇಲೆ, ಅವನು ಟ್ರಾಲಿಯ ಕೆಳಗೆ ಸರಿದು ಪ್ರತಿಯೊಂದು ನಟ್ಟಿಗೂ ಬೆರಳು ಹಚ್ಚಿದ. ಗಿರಾಕಿ ಅವಸರ ಮಾಡಿದ. ರಹಿಮಾನ್ ಕೇಳಿಸಿಕೊಳ್ಳದವನಂತೆ ಮೊದಲಿನಿಂದ ಮತ್ತೊಮ್ಮೆ ಶುರುಮಾಡಿದ.

ಅದೇ ರೂಢಿಯಾಯಿತು. ರೂಢಿಯೂ ಅಲ್ಲ, ಒಂದು ಬಗೆಯ ಗೀಳು. ಬಿಗಿದದ್ದನ್ನು ಮತ್ತೆ ಬಿಗಿಯೆನ್ನುತ್ತಿದ್ದ, ಹಾಕಿದ ಪಿನ್ನನ್ನು ತೆಗೆದು ಹೊಸದು ಹಾಕೆನ್ನುತ್ತಿದ್ದ. ಅದಕ್ಕಾಗಿ ಇಬ್ಬರೂ ಜಗಳಾಡುತ್ತಿದ್ದರು. ಕೆಲವು ಸಲ ಊಟದವರೆಗೂ ಆ ಜಗಳ ಹೋಗುತ್ತಿತ್ತು. ಆದಮ್ಮ ಒಮ್ಮೆ ಕೇಳಿದಳು, "ಹಿಂಗ ದಿನಾ ಕಚ್ಚಾಡತೀರಿ. ಮೊದಲು ಮಾತ ಇಲ್ಲದಾಗ ಚಲೋ ಇತ್ತಲ್ಲ ಬೇ?"

"ಇಲ್ಲ ಯವ್ವಾ," ಎಂದಳು ಮಾಸುಂಬಿ. "ಅದು ಚಲೋ ಇರಲಿಲ್ಲ."

ಸುಭಾನಬಿ ತೀರಿಕೊಳ್ಳುವ ಮುಂಚೆ ಸೊಸೆಯನ್ನು ಕರೆದು ಹತ್ತಿರ ಕೂರಿಸಿಕೊಂಡಳು. ಕಣ್ಣಿನ ಮಾತು ಎತ್ತಲಿಲ್ಲ, ತಪ್ಪಾಯಿತೆನ್ನಲೂ ಇಲ್ಲ. ಅವಳ ಗ್ರೀಸ್ ಹಿಡಿದ ಬೆರಳುಗಳನ್ನು ತನ್ನ ಸೆರಗಿನಿಂದ ಒರೆಸಲು ನೋಡಿದಳು. ಗ್ರೀಸು ಹೋಗಲಿಲ್ಲ. ಮುದುಕಿ ಒರೆಸುತ್ತಲೇ ಇದ್ದಳು, ಹೊರಗಿನಿಂದ ರಹಿಮಾನ್, "ಲೇ, ಟ್ರಾಲಿ ಬಂದೈತಿ," ಎಂದು ಕೂಗುವವರೆಗೆ.